ಮಾಮೂಲಿ ರೇಟು

ನಮ್ಮ ಯಜಮಾನರು ಟ್ರ್ಯಾಕ್ಟರ್ ಬಾಡಿಗೆ ಎಷ್ಟೆಂದು ಮನೆಯಲ್ಲಿ ಯಾವತ್ತೂ ಬಾಯಿಬಿಟ್ಟವರಲ್ಲ. ಉಳುಮೆಗೆ ಕರೆಯಲು ಬಂದವರು ಅಂಗಳದಲ್ಲಿ ನಿಂತು ಕೇಳಿದರೆ "ಮಾಮೂಲಿ ಕೊಡು" ಅನ್ನುತ್ತಿದ್ದರು. ಬಂದವರೂ ತಲೆಯಾಡಿಸಿ ಹೋಗುತ್ತಿದ್ದರು. ರಾಜಾನುಕುಂಟೆ ಸುತ್ತಮುತ್ತ ಅವರ ವ್ಯವಹಾರ ಆ ಒಂದು ಮಾತಿನಲ್ಲೇ ನಡೆಯಿತು. ಅವರು ತೀರಿಕೊಂಡ ಮೇಲೆ ನೋಡಿದರೆ, ಆ ಮಾಮೂಲಿ ಅಂದರೆ ಎಷ್ಟು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನನಗೆ ಅಳು ಬರಲಿಲ್ಲ. ಬಂದವರೆಲ್ಲ ಅತ್ತರು, ನಾನು ಅವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ. ಬಹಳ ಹೊತ್ತು ಕಾಲು ಮಡಿಸಿ ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಆಗಿತ್ತು. ತಿಥಿ ಕಳೆದರೂ ಬಿಡಲಿಲ್ಲ.

ಮಗ ಸಿಟಿ ಬಸ್ಸಿನ ಡ್ರೈವರು, ಅವನಿಗೆ ಬಿಡುವಿಲ್ಲ. "ಹಿಂದಿನ ಟೈರ್ ಎರಡೂ ಸವೆದವೆ ಕಣಮ್ಮ. ರಾಗಿ ಬಿತ್ತನೆ ಒಳಗೆ ಗಾಡಿ ತನ್ನ ಟೈರಿನ ದುಡ್ಡು ತಾನೇ ದುಡಿದ್ರೆ ಇಟ್ಕೊಳಣ. ಇಲ್ಲಾಂದ್ರೆ ಮಾರ್ಬಿಡಣ" ಅಂದ. ನಾನು ಆಯ್ತು ಅಂದೆ. ಆಗ ಏನು ಹೇಳಿದ್ದರೂ ಆಯ್ತು ಅನ್ನುತ್ತಿದ್ದೆ.

ಆದರೆ ಅವನ ಮಗಳು, ನನ್ನ ಮೊಮ್ಮಗಳು, ಒಪ್ಪಲಿಲ್ಲ. ಯಲಹಂಕದಲ್ಲಿ ಕಾಲೇಜು ಓದುವವಳು, ತಾತನ ಪಕ್ಕದಲ್ಲಿ ಮಡ್‌ಗಾರ್ಡ್ ಮೇಲೆ ಕೂತೇ ಟ್ರ್ಯಾಕ್ಟರ್ ಕಲಿತವಳು. ಲೈಸೆನ್ಸೂ ಮಾಡಿಸಿಕೊಂಡಿದ್ದಳು. "ರಜ ಮುಗಿಯೋ ತನಕ ನಾನ್ ಓಡಿಸ್ತೀನಿ. ಅಜ್ಜಿ, ನೀನು ರೇಟ್ ಮಾತಾಡು" ಅಂದಳು.

ನಾನು ಓದಿದ್ದು ಮೂರನೇ ಕ್ಲಾಸು. ಗೊತ್ತಿಲ್ಲದ್ದನ್ನು ಕೇಳಿ ತಿಳಿಯಬೇಕು ಅಂದುಕೊಂಡು, ಬಂದ ಗಿರಾಕಿಗಳನ್ನೇ ಕೇಳಿದೆ, ಯಜಮಾನರು ನಿಮ್ಮ ಹತ್ತಿರ ಎಷ್ಟು ತೆಗೆದುಕೊಳ್ಳುತ್ತಿದ್ದರು ಅಂತ.

"ಗಂಟೆಗೆ ಒಂಬೈನೂರು ಕಣಮ್ಮ" ಅಂದ ಒಬ್ಬ.

"ನಮ್ಗೆ ಎಂಟ್ನೂರೈವತ್ತು. ಬೇಕಾದೋರಲ್ವಾ" ಅಂದ ಇನ್ನೊಬ್ಬ. "ರೋಟವೇಟರ್ ಮಣ್ಣಿಗೆ ಇಳಿದ್ ಮೇಲೆ ಗಂಟೆ ಲೆಕ್ಕ, ಅದೂ ಮಾಮೂಲೀನೇ."

ಅವರು ಹೇಳಿದ ರೇಟಿಗೇ ಹನ್ನೊಂದು ದಿನ ಉತ್ತೆವು. ಮೊದಲಾದರೆ ಒಂದು ಹೊಲದಿಂದ ಇನ್ನೊಂದಕ್ಕೆ ಬದು ದಾಟಿದರೆ ಸಾಕಿತ್ತು. ಈಗ ನಡುವೆ ಲೇಔಟಿನ ಕಾಂಪೌಂಡು, ಸುತ್ತಿಕೊಂಡು ಹೋಗಲು ಮುಕ್ಕಾಲು ಗಂಟೆ, ಅದು ಲೆಕ್ಕಕ್ಕಿಲ್ಲ. ಹನ್ನೆರಡನೇ ದಿನ ಮೊಮ್ಮಗಳು ಶೆಡ್ಡಿನಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂದೆ ಬರೆದಳು. ಡೀಸೆಲ್ಲು, ಆಯಿಲ್ಲು, ಸವೆದ ಬ್ಲೇಡು, ಟೈರು.

"ಅಜ್ಜಿ, ನಾವೇ ದುಡ್ಡು ಕೊಟ್ಟು ಅವ್ರ ಹೊಲ ಉತ್ತಂಗಾಗಿದೆ."

"ನಿನ್ ಕೂಲಿ ಸೇರಿಸ್ದಾ?"

"ಸೇರಿಸಿದ್ರೆ ನೀನು ಬಿದ್ದೋಗ್ತೀಯ ಅಂತ ಬಿಟ್ಟೆ."

ಅವಳು ನಕ್ಕಳು. ನಾನು ಕ್ಯಾಲೆಂಡರನ್ನೇ ನೋಡುತ್ತಿದ್ದೆ. ಇವರು ಜೀವಮಾನವೆಲ್ಲ ಹೀಗೇ ದುಡಿದರಾ, ಬಂದವರೆಲ್ಲ ಇವರ ತಲೆ ಸವರಿದರಾ ಅನ್ನಿಸಿತು. ಅದಕ್ಕೂ ಕಣ್ಣು ತುಂಬಲಿಲ್ಲ. ಅವಳೇ ಲೆಕ್ಕ ಕೂಡಿ ಒಂದು ರೇಟು ಹೇಳಿದಳು. ಬಾಯಿಪಾಠ ಮಾಡಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಒಬ್ಬ ಭಾಯ್ ಬಂದರು. ಯಶವಂತಪುರದಲ್ಲಿ ಫರ್ನಿಚರ್ ಅಂಗಡಿ, ನಮ್ಮ ಕಡೆ ಮೂರು ಎಕರೆ ಹೊಲ. ಯಜಮಾನರ ಹಳೇ ಗಿರಾಕಿ.

"ಅಕ್ಕಾ, ನಾಳೆ ಗಾಡಿ ಕಳಿಸ್ತೀರಾ? ಮಾಮೂಲಿ ತಾನೇ?"

ಹೊಸ ರೇಟು ಕೇಳಿ ಇವರು ತಿರುಗಿ ಹೋದರೆ ಗಾಡಿ ಮಾರಿದ ಹಾಗೇ.

"ಮಾಮೂಲಿ ಅವ್ರ ಜೊತೇಲೇ ಓಯ್ತು ಭಾಯ್. ಗಂಟೆಗೆ ಸಾವಿರದ ಮುನ್ನೂರು. ಗಾಡಿ ಶೆಡ್ ಬಿಟ್ಟಾಗಿಂದ ಲೆಕ್ಕ."

ಅವರು ಟ್ರ್ಯಾಕ್ಟರ್ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಇದೇನಕ್ಕಾ ಹೊಸದಾಗಿ ಹೇಳ್ತೀರ? ಹೋದ ವರ್ಷಾನೇ ಅಣ್ಣ ಅಷ್ಟು ತಗೊಂಡವ್ರೆ. ಶೆಡ್ಡಿಂದಾನೇ ಲೆಕ್ಕ. ನೀವು ಇನ್ನೂ ಏರಿಸ್ತೀರೇನೋ ಅಂತ ಹೆದ್ರಿಕೊಂಡು ಬಂದೆ."

"ನಿಮ್ಮೊಬ್ರತ್ರಾನಾ?"

"ಎಲ್ಲರ ಹತ್ರಾನೂ. ಟೀ ಅಂಗಡೀಲಿ ಎಲ್ಲ ಸೇರಿ ಬೈಕೊಂಡು ಬೈಕೊಂಡೇ ಕೊಡ್ತಿದ್ವಿ."

ಮೊಮ್ಮಗಳು ಟ್ರ್ಯಾಕ್ಟರ್ ಸೀಟಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುವಾಗ ಥೇಟ್ ತಾತನ ಹಲ್ಲು. ಜೋಮು ಬಿಡುವಾಗ ಮುಳ್ಳು ಚುಚ್ಚಿದ ಹಾಗೆ ಆಗುತ್ತದಲ್ಲ, ಹಾಗಾಯಿತು ನನಗೆ. ಸೆರಗು ಬಾಯಿಗೆ ಒತ್ತಿಕೊಂಡೆ. ಅದು ಅಳುವೋ ಹಿಗ್ಗೋ, ಈಗಲೂ ಬಿಡಿಸಿ ಹೇಳಲಾರೆ. ಇಂಥ ಹುಡುಗಿಯ ಅಜ್ಜಿ ನಾನು ಅಂತ ಮಾತ್ರ ಆ ಹೊತ್ತು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಬೇಕು ಅನ್ನಿಸಿತ್ತು.

ಎಂಟ್ನೂರೈವತ್ತಿನವನು ವಾರ ಬಿಟ್ಟು ಮತ್ತೆ ಬಂದ.

"ಮಾಮೂಲಿ ತಾನೇನಮ್ಮ?"

"ಊಂ ಕಣಪ್ಪ, ಮಾಮೂಲೀನೇ. ಟೀ ಅಂಗಡೀಲಿ ಬೈಕೊಂಡು ಕೊಡ್ತೀರಲ್ಲ, ಆ ಮಾಮೂಲಿ."

ಅವನು ಚಪ್ಪಲಿ ನೋಡಿಕೊಂಡು ನಿಂತ. ಆಮೇಲೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಗಾಡಿ ಬರುತ್ತದೆ ಅಂತ ಕೇಳಿದ. ರಾಗಿ ಬಿತ್ತನೆಗೆ ಮೊದಲೇ ಟೈರು ಬಂತು, ಎರಡೂ.