ಅಂಗಿಯ ಮೇಲಿನ ಗುಲಬರ್ಗಾ

ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಬಾರದು ಎಂಬುದು ನಮ್ಮ ಕಡೆಯ ರೂಢಿ. ಬರೆಯಬಾರದು ಎಂದು ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತೇನೆ: ಗುರುಪಾದ. ಊರು ಅಫಜಲಪುರ ತಾಲ್ಲೂಕಿನ ಗೊಬ್ಬೂರ. ಏನು ಕೆಲಸ ಮಾಡುತ್ತಾರೆ ಎಂದು ಮಾತ್ರ ಕೇಳಬೇಡಿ. ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ, ಯಾವ ವರ್ಷದ್ದು ಹೇಳಲಿ?

ಊಟಕ್ಕೆ ಕೂತರೂ ಅವರ ಒಂದು ಮೊಣಕಾಲು ಏಳುವುದಕ್ಕೆ ತಯಾರಾಗಿಯೇ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವುದು ಆಗದೆ ಮುಂದಿನ ಸ್ಟಾಪಿನವರೆಗೆ ನಡೆದುಬಿಡುತ್ತಾರೆ, ಬಸ್ಸು ಅವರ ಮುಂದೆಯೇ ಹೋಗಿಬಿಡುತ್ತದೆ. ತೊಟ್ಟಿಲಲ್ಲಿದ್ದಾಗಲೂ ತೂಗುವುದು ನಿಂತರೆ ಊರು ಎದ್ದು ಬರುವ ಹಾಗೆ ಅಳುತ್ತಿದ್ದರು ಎಂದು ಅತ್ತೆ ರೇವಮ್ಮ ಹೇಳುತ್ತಾರೆ. ಮದುವೆಯಾಗಿ ಮೂರು ವರ್ಷಕ್ಕೆ ಆ ಚಡಪಡಿಕೆ ನನಗೂ ಅಂಟಿದೆ. ಜೇವರ್ಗಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ಬಂದು ಸಂಜೆ ಅಡಿಗೆಗೆ ನಿಂತಾಗ ಹೊತ್ತಿಗೆ ಮುಂಚೆ ಬಾಗಿಲು ಸಪ್ಪಳವಾದರೆ, ಇವತ್ತು ಏನು ಬಿಟ್ಟು ಬಂದರೋ ಎಂದು ಸೌಟು ಹಿಡಿದೇ ಹೊರಗೆ ಬರುತ್ತೇನೆ.

ಇಂಥ ಮನುಷ್ಯ ಬಿಡದೆ ಹಿಡಿದುಕೊಂಡದ್ದು ಒಂದೇ ಒಂದು, ಅದೂ ಒಂದು ತಪ್ಪು ಓದಿನಿಂದ ಗಂಟುಬಿದ್ದದ್ದು.

ಜೇವರ್ಗಿ ಸಂತೆಯಲ್ಲಿ ಅಬ್ದುಲ್ ಗನಿ ಚಾಚಾ ಎಂಬವರು ಪರದೇಶದ ಹಳೇ ಬಟ್ಟೆ ರಾಶಿ ಹಾಕಿ ಮಾರುತ್ತಿದ್ದರು. ನಮ್ಮ ಮನೆಯವರಿಗೆ ಆಗಿನ್ನೂ ಮೀಸೆ ಬಲಿತಿರಲಿಲ್ಲ. ರಾಶಿಯೊಳಗೆ ಕೈ ಹಾಕಿದಾಗ ಹಳದಿ ಮೈಯ, ಕಪ್ಪು ತೋಳಿನ ಒಂದು ಜರ್ಸಿ ಬಂತು. ಎದೆಯ ಮೇಲೆ ಇಂಗ್ಲಿಷಿನಲ್ಲಿ ‘ಗಾಲ್ಬರ್ಗ್’ ಎಂದಿತ್ತು. ನಮ್ಮ ಜಿಲ್ಲೆಯ ಹೆಸರನ್ನು ಒಂದೊಂದು ಬೋರ್ಡಿನ ಮೇಲೆ ಒಂದೊಂದು ರೀತಿ ಬರೆದದ್ದನ್ನು ಓದುತ್ತಾ ಬೆಳೆದ ಹುಡುಗನಿಗೆ ಅನುಮಾನವೇ ಬರಲಿಲ್ಲ. ಇದು ನಮ್ಮ ಗುಲಬರ್ಗಾ, ಬರೆದವನಿಗೆ ಸ್ಪೆಲಿಂಗ್ ಬರುವುದಿಲ್ಲ, ಅಷ್ಟೇ ಎಂದುಕೊಂಡು ಅಭಿಮಾನದಿಂದ ಖರೀದಿ ಮಾಡಿದರು. ನಿಮ್ಮ ಊರಿನ ಮಾಲು ಫಾರಿನ್ನಿಗೆ ಹೋಗಿ ವಾಪಸ್ ಬಂದಿದೆ ಎಂದು ಗನಿ ಚಾಚಾನೂ ಉಪ್ಪು ಖಾರ ಹಚ್ಚಿ ಮಾರಿದರು.

ಆ ಅಂಗಿ ಹಾಕಿಕೊಂಡು ಒಂದು ವರ್ಷ ಮೆರೆದ ಮೇಲೆ ಕಾಲೇಜಿನ ಗೆಳೆಯನೊಬ್ಬ ಮೊಬೈಲಿನಲ್ಲಿ ಹುಡುಕಿ ತೋರಿಸಿದನಂತೆ. ಗಾಲ್ಬರ್ಗ್ ಎಂಬುದು ಸ್ಕಾಟ್ಲೆಂಡಿನ ಸಮುದ್ರದ ದಂಡೆಯ ಒಂದು ಸಣ್ಣ ಊರು, ಇದು ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಜರ್ಸಿ. ಗೊಬ್ಬೂರಿನ ಕಟ್ಟೆ ಒಂದು ವಾರ ನಕ್ಕಿತು. ಬೇರೆ ಯಾರೇ ಆಗಿದ್ದರೂ ಅಂಗಿಯನ್ನು ನೆಲ ಒರೆಸಲು ಕೊಡುತ್ತಿದ್ದರು. ಇವರು ಅದನ್ನು ಒಗೆದು ಮಡಚಿಟ್ಟು, ಆ ಕ್ಲಬ್ಬು ನಿನ್ನೆ ಗೆದ್ದಿತೋ ಸೋತಿತೋ ಎಂದು ವಿಚಾರಿಸಿದರು. ಸೋತಿತ್ತು. ಅಲ್ಲಿಂದ ಶುರು. ಮುಂದೆ ಗುಲಬರ್ಗಾ ಹೆಸರು ಕಲಬುರಗಿ ಎಂದು ಬದಲಾದಾಗ ಇವರ ಹಟ ಇನ್ನಷ್ಟು ಗಟ್ಟಿಯಾಯಿತು. ಇನ್ನು ಜಗತ್ತಿನಲ್ಲಿ ಉಳಿದದ್ದು ಅದೊಂದೇ ಗುಲಬರ್ಗಾ, ನಾವೂ ಕೈ ಬಿಟ್ಟರೆ ಹೇಗೆ ಎನ್ನುತ್ತಿದ್ದರು. ಅಲ್ಲಿಯವರು ತಮ್ಮ ಊರನ್ನು ‘ಗಾಲ್ಬ್ರಾ’ ಎಂದೇನೋ ಕರೆಯುತ್ತಾರೆ ಎಂದು ನಾನೊಮ್ಮೆ ತಿದ್ದಲು ಹೋದೆ. ಅವರಿಗೆ ತಮ್ಮ ಊರ ಹೆಸರು ಹೇಳಲು ಬರುವುದಿಲ್ಲ, ಪಾಪ ಎಂದುಬಿಟ್ಟರು.

ಸ್ಕಾಟ್ಲೆಂಡಿನ ಫುಟ್‌ಬಾಲ್ ಎಂದರೆ ನಾಲ್ಕು ಮೆಟ್ಟಿಲ ಮನೆ ಎಂದು ಅವರೇ ನನಗೆ ಹೇಳಿಕೊಟ್ಟದ್ದು. ಚೆನ್ನಾಗಿ ಆಡಿದವರು ಮೇಲಿನ ಮೆಟ್ಟಿಲಿಗೆ ಏರುತ್ತಾರೆ, ಕೆಟ್ಟದಾಗಿ ಆಡಿದವರು ಇಳಿಯುತ್ತಾರೆ. ಗಾಲ್ಬರ್ಗ್ ಇದ್ದದ್ದು ಕೊನೆಯ ಮೆಟ್ಟಿಲ ಮೇಲೆ. ಅದರ ಕೆಳಗೆ ಅಂಗಳ. ಅಲ್ಲಿನ ಹಂಗಾಮು ನಮ್ಮ ಹಿಂಗಾರಿ ಜೋಳದ ಹಾಗೆ ಎರಡು ವರ್ಷಕ್ಕೆ ಕಾಲು ಚಾಚುತ್ತದೆ, ಶ್ರಾವಣದ ಹೊತ್ತಿಗೆ ಶುರುವಾಗಿ ಬೇಸಿಗೆಯಲ್ಲಿ ಮುಗಿಯುತ್ತದೆ. ಆದ್ದರಿಂದ ನಮ್ಮ ಮನೆಯವರ ಜೀವನಚರಿತ್ರೆಯನ್ನೂ ಹಾಗೆಯೇ ಹೇಳಬೇಕು. ಅವರೂ ಹಾಗೆಯೇ ಹೇಳುತ್ತಾರೆ.

ಗಾಲ್ಬರ್ಗ್ ಮೂರನೆಯದಾಗಿ ನಿಂತ ಹಂಗಾಮಿನಲ್ಲಿ ಇವರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿಗಳಿಗೆ ಚೀಟಿ ಕೊಡುತ್ತಿದ್ದರು. ಕಬ್ಬು ಮುಗಿಯಿತು, ಮುಂದಿನ ವರ್ಷ ಕರೆದರೂ ಹೋಗಲಿಲ್ಲ. ಕೊನೆಯಿಂದ ಎರಡನೆಯದಾದ ವರ್ಷ ಗಾಣಗಾಪುರದ ಲಾಡ್ಜಿನಲ್ಲಿ ಯಾತ್ರಿಕರಿಗೆ ಕೋಣೆ ತೋರಿಸುವ ಕೆಲಸ. ದಿನಾ ಅದೇ ಬಾಗಿಲು ತೆರೆಯುವುದು, ಅದೇ ಬಾಗಿಲು ಮುಚ್ಚುವುದು ಎಂದು ಬಿಟ್ಟರು. ೨೦೧೭-೧೮ರಲ್ಲಿ ಗಾಣಗಾಪುರದ ದತ್ತನ ಗುಡಿಗೆ ಟಂಟಂ ಆಟೊ ಓಡಿಸುತ್ತಿದ್ದರು, ಆ ವರ್ಷ ಗಾಲ್ಬರ್ಗ್ ಒಂದು ಮೆಟ್ಟಿಲು ಏರಿತು. ಗಾಡಿಯಲ್ಲಿದ್ದ ದತ್ತ ಭಕ್ತರಿಗೆಲ್ಲ ಪೇಢೆ ಹಂಚಿದರಂತೆ. ಏನು ವಿಶೇಷ ಎಂದು ಕೇಳಿದರೆ ನಮ್ಮ ಗುಲಬರ್ಗಾ ಗೆದ್ದಿತು ಎಂದರಂತೆ. ಪುಣೆಯ ಕಡೆಯ ಒಬ್ಬ ಅಜ್ಜಿ ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿಂದಳು. ಮರು ವರ್ಷವೇ ಗಾಲ್ಬರ್ಗ್ ಕೆಳಗಿಳಿಯಿತು, ಟಂಟಂ ಬೇರೆಯವರ ಕೈಗೆ ಹೋಯಿತು. ರೋಗದ ವರ್ಷ ಅಲ್ಲಿ ಆಟ ಅರ್ಧಕ್ಕೆ ನಿಂತಿತು. ಇವರೂ ಮನೆಯಲ್ಲಿ ಕೂತರು. ಕೂತರು ಎಂದರೆ ಸುಳ್ಳು, ಅಂಗಳದಲ್ಲಿ ಅತ್ತಿಂದಿತ್ತ ತಿರುಗಿ ನೆಲದ ಮೇಲೆ ದಾರಿ ಬಿದ್ದಿತ್ತು ಎಂದು ಅತ್ತೆ ಈಗಲೂ ತೋರಿಸುತ್ತಾರೆ. ಆಮೇಲೆ ಅಫಜಲಪುರದ ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ, ಇನ್ನೂ ಏನೇನೋ. ಗಾಲ್ಬರ್ಗ್ ಮಾತ್ರ ಸೋಲುತ್ತಲೇ ಇತ್ತು.

ಹೆಣ್ಣು ನೋಡಲು ಆಳಂದಕ್ಕೆ ಬಂದಾಗ ಅವರು ಅಫಜಲಪುರದಲ್ಲಿ ಬಟ್ಟೆ ಅಳೆಯುತ್ತಿದ್ದರು. ನನ್ನ ಅಪ್ಪ ಕಲ್ಯಾಣಪ್ಪನವರದು ಆಳಂದದಲ್ಲಿ ಕಾಳುಕಡಿಯ ಅಡತಿ ಅಂಗಡಿ. ನಾನು ಹುಟ್ಟುವ ಮುಂಚಿನಿಂದ ಒಂದೇ ಗಾದಿಯ ಮೇಲೆ, ಒಂದೇ ದಿಂಬಿಗೆ ಒರಗಿ ಕೂತವರು. ಹುಡುಗನ ಮಾತು ಚೆನ್ನ, ಕಣ್ಣು ಚೆನ್ನ, ದುಶ್ಚಟವಿಲ್ಲ ಎಂದು ಒಪ್ಪಿಕೊಂಡರು. ನಾನು ಒಪ್ಪಿದ್ದು ಬೇರೆ ಕಾರಣಕ್ಕೆ. ಅವಲಕ್ಕಿ ತಟ್ಟೆ ಕೊಟ್ಟು ನಿಂತಾಗ ನನ್ನನ್ನು ಏನು ಓದುತ್ತೀರಿ ಎಂದು ಕೇಳಿ, ಉತ್ತರವನ್ನು ಕೊನೆಯ ತನಕ ಕೇಳಿಸಿಕೊಂಡಿದ್ದರು. ಅಂಥವರು ಸಿಗುವುದು ಕಷ್ಟ. ಮದುವೆಯ ನಂತರ ಬಟ್ಟೆ ಅಂಗಡಿಯೂ ಹೋಯಿತು, ಅದರ ಹಿಂದೆ ಇನ್ನೆರಡು ಹೋದವು, ಅಪ್ಪನ ಮುಖ ಸಣ್ಣದಾಗುತ್ತ ಬಂತು.

ಕಳೆದ ವರ್ಷ ಜೇವರ್ಗಿಯ ತೊಗರಿ ಬೇಳೆ ಮಿಲ್ಲಿಗೆ ಸೇರಿದರು. ಲಾರಿಗೆ ಚೀಲ ಏರಿಸುವಾಗ ಮುಂದೆ ನಿಂತು ನೋಡಿಕೊಳ್ಳುವ ಕೆಲಸ. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಇನ್ನೂ ಹೋಗುತ್ತಿದ್ದರು. ಈ ನಡುವೆ ನಾನು ಬಸುರಿಯಾದೆ. ಚೊಚ್ಚಲ ಬಾಣಂತನ ತವರಿನದು, ಅದರಲ್ಲಿ ತಕರಾರಿಲ್ಲ. ಆದರೆ ಅಪ್ಪ ಜೇವರ್ಗಿಯ ನಮ್ಮ ಬಾಡಿಗೆ ಮನೆಗೆ ಬಂದು, ನಮ್ಮನ್ನು ನೋಡಲು ಬಂದಿದ್ದ ಅತ್ತೆಯ ಎದುರೇ ಕರಾರು ಹಾಕಿದರು. ಅಳಿಯ ಈ ಮಿಲ್ಲಿನಲ್ಲಿ ನಿಂತರೆ ಹೆರಿಗೆಯಾದ ಐದನೇ ತಿಂಗಳಿಗೆ ತಾಯಿ ಮಗು ವಾಪಸ್ ಬರುತ್ತಾರೆ, ಇದನ್ನೂ ಬಿಟ್ಟರೆ ಇಬ್ಬರೂ ಆಳಂದದಲ್ಲೇ ಇರುತ್ತಾರೆ. ನಮ್ಮ ಮನೆಯವರು ಹೂಂ ಎಂದರು. ನಾನೂ ಅಪ್ಪನ ಮಾತಿಗೆ ಅಡ್ಡ ಬರಲಿಲ್ಲ. ನನಗೂ ಸಾಕಾಗಿತ್ತು. ಹೊಟ್ಟೆಯಲ್ಲಿನ ಕೂಸು ಕೂಡ ಒಂದು ಕಡೆ ಇರದೆ ಒದೆಯುತ್ತಿತ್ತು, ಇದೂ ತನ್ನ ಅಪ್ಪನ ಜಾತಿಯೇ ಎಂದು ಹೆದರಿಕೆಯಾಗುತ್ತಿತ್ತು.

ಯುಗಾದಿಯ ಹೊತ್ತಿಗೆ ಗಾಲ್ಬರ್ಗ್ ಕಟ್ಟಕಡೆಗೆ ಬಿದ್ದಿತ್ತು. ಕೊನೆಯ ತಂಡ ಅಂಗಳದ ತಂಡದೊಡನೆ ಎರಡು ಆಟ ಆಡಬೇಕು, ಸೋತರೆ ಮನೆಯಿಂದಲೇ ಹೊರಗೆ. ಮೊದಲ ಆಟ ಸೋತರು. ಎರಡನೆಯದು ಮೇ ತಿಂಗಳ ಒಂದು ಶನಿವಾರ, ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ. ಮರುದಿನ ಭಾನುವಾರ ಗೊಬ್ಬೂರಿನಲ್ಲಿ ನನ್ನ ಕುಬುಸದ ಕಾರ್ಯ, ಅಂದರೆ ಸೀಮಂತ, ಅದು ಮುಗಿಸಿ ಅಪ್ಪನ ಜೀಪಿನಲ್ಲಿ ನಾನು ಆಳಂದಕ್ಕೆ. ಎರಡೂ ಹೀಗೆ ಬೆನ್ನು ಬೆನ್ನಿಗೆ ಬಂದದ್ದು ನನ್ನ ಹಣೆಬರಹ.

ಶಾಲೆಗೆ ಬೇಸಿಗೆ ರಜೆ, ಶನಿವಾರದ ಹೊತ್ತಿಗೆ ನಾನು ಬಟ್ಟೆ ಪುಸ್ತಕ ಕಟ್ಟಿಕೊಂಡು ಗೊಬ್ಬೂರಿಗೆ ಬಂದಿದ್ದೆ. ಅತ್ತೆ ಹೋಳಿಗೆಗೆ ಹೂರಣ ಮಾಡುತ್ತಿದ್ದರು. ಇವರು ಮಿಲ್ಲಿನ ಕೆಲಸ ಮುಗಿಸಿ ಮರುದಿನ ಬೆಳಗಿನ ಬಸ್ಸಿಗೆ ಬರಬೇಕಿತ್ತು. ಅದೇ ರಾತ್ರಿ ಕೊನೆಯ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತಿದ್ದರು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ.

“ಭುವನಾ, ಮಿಲ್ ಬಿಟ್ಟೆ.”

ಯಾಕೆ ಎಂದು ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. “ಆಟ ಏನಾತ್ರಿ?”

“ಸೋತ್ರು. ಹೊರಗ ಬಿದ್ರು.”

ಆಮೇಲೆ ಸಿಟ್ಟು ಬಂತು, ಬಂದ ಸಿಟ್ಟಿಗೆ ತಳವಿರಲಿಲ್ಲ. ಲಾರಿ ತುಂಬುವಾಗ ಗಳಿಗೆಗೊಮ್ಮೆ ಫೋನು ನೋಡುತ್ತಿದ್ದರಂತೆ. ಫೋನು ಇಡು, ಇಲ್ಲ ಕೆಲಸ ಬಿಡು ಎಂದರಂತೆ ಮಾಲೀಕರು. ಇವರು ಕೆಲಸ ಬಿಟ್ಟರು. ಹಳೇ ಬಟ್ಟೆಯ ರಾಶಿಯಲ್ಲಿ ಸಿಕ್ಕ ಒಂದು ಅಂಗಿಗಾಗಿ, ತಮ್ಮ ಹೆಸರನ್ನೂ ಕೇಳದ ಹನ್ನೊಂದು ಜನರಿಗಾಗಿ, ಹೆಂಡತಿ ಮಗುವನ್ನು ಪಣಕ್ಕಿಟ್ಟು ಬಂದಿದ್ದರು. ನಾನು ಅವರಿಗೆ ಬೆನ್ನು ಹಾಕಿ ಅತ್ತೆಯ ಜೊತೆ ಹೂರಣಕ್ಕೆ ಕೂತೆ. ಅವರು ಕೂರಲಿಲ್ಲ. ಕೊಡ ತುಂಬಿದರು, ತೋರಣ ಕಟ್ಟಿದರು, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು.

ಭಾನುವಾರ ಅಪ್ಪನ ಜೀಪು ಬಂದು ನಿಂತ ಕೂಡಲೆ ಇವರು ಹೋಗಿ, ಬೇರೆಯವರ ಬಾಯಿಂದ ತಿಳಿಯುವ ಮೊದಲೇ, ತಾವಾಗಿ ಎಲ್ಲ ಹೇಳಿದರು. ಇದ್ದದ್ದು ಇದ್ದ ಹಾಗೆ, ಫೋನಿನ ಸಂಗತಿಯನ್ನೂ ಬಿಡದೆ. ಅಪ್ಪ ಕೂಗಾಡುವ ಮನುಷ್ಯರಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಇದೆ ಎಂದಷ್ಟೇ ಹೇಳಿ, ನನ್ನ ಸಾಮಾನೆಲ್ಲ ಈಗಲೇ ಜೀಪಿಗೆ ಹಾಕಲು ಡ್ರೈವರಿಗೆ ಹೇಳಿದರು. ನನ್ನ ಪುಸ್ತಕದ ಚೀಲವನ್ನೂ. ಬಾಣಂತನಕ್ಕೆ ಹೋಗುವವಳಿಗೆ ಪಾಠದ ಪುಸ್ತಕ ಬೇಕಾಗುವುದಿಲ್ಲ. ಚೀಲ ಹೊರಗೆ ಹೋಗುವುದನ್ನು ನೋಡಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಪಡಸಾಲೆಯಲ್ಲಿ ಕೂಡಿಸಿದ್ದರು. ಗಂಡಸರು ಹೊರಗಿನ ಕಟ್ಟೆಯ ಮೇಲೆ, ಕಿಟಕಿಯ ಆಚೆ. ಆರತಿ ತಟ್ಟೆ ಬರುವ ಮುಂಚೆ ಅಪ್ಪನ ದನಿ ಕೇಳಿಸಿತು. ಅದರಲ್ಲಿ ಸ್ವಲ್ಪ ವ್ಯಂಗ್ಯವಿತ್ತು.

“ನಿಮ್ಮ ಗುಲಬರ್ಗಾನೂ ಹೊರಗ ಬಿತ್ತಂದ್ರಿ. ಇನ್ನ ಯಾವ ತಂಡ ಹಿಡೀತೀರಿ, ಅಳಿಯಂದ್ರ? ಮ್ಯಾಲಿನ ಮೆಟ್ಟಲದಾಗ ದೊಡ್ಡ ದೊಡ್ಡವು ಇರಬೇಕಲ್ಲ?”

“ಅವು ಬ್ಯಾರೆಯವರವು ರಿ, ಮಾವಾರ,” ಎಂದರು ಇವರು. “ಇವ್ರು ನಮ್ಮವ್ರು. ಎಲ್ಲಿ ಬಿದ್ದಾರೋ ಅಲ್ಲೇ ಹೋಗಿ ನೋಡಬೇಕ್ರಿ. ಆದ್ರ ಕೆಳಗಿನವರ ಸ್ಕೋರ್ ಈ ಫೋನಿನ್ಯಾಗ ಬರೂದಿಲ್ಲ. ಅದಕ್ಕೇ ಬೆಳಗಿನಿಂದ ಹುಡುಕಾಕತ್ತೇನಿ.”

ಅದು ಜಾಣತನದ ಉತ್ತರವಾಗಿರಲಿಲ್ಲ. ಅಪ್ಪನ ವ್ಯಂಗ್ಯ ಅವರಿಗೆ ತಾಕಿರಲೇ ಇಲ್ಲ. ಬಿದ್ದವರ ಸುದ್ದಿ ಇನ್ನು ಎಲ್ಲಿ ಸಿಗುತ್ತದೆ ಎಂಬುದೊಂದೇ ಅವರ ಚಿಂತೆ. ಒಳಗೆ ಕೂತ ನನಗೆ ಸಿಟ್ಟು ಇನ್ನೂ ಹಾಗೇ ಇತ್ತು. ಆದರೂ ಎದೆಯಲ್ಲಿ ಏನೋ ಸರಿದು ಜಾಗಕ್ಕೆ ಬಂತು. ಈ ಮನುಷ್ಯ ಬಿಟ್ಟದ್ದೆಲ್ಲ ಕೆಲಸ. ‘ನಮ್ಮವರು’ ಎಂದದ್ದನ್ನು ಇಷ್ಟು ವರ್ಷ ಸೋಲಿನ ಮೇಲೆ ಸೋಲು ಬಂದರೂ ಬಿಟ್ಟಿರಲಿಲ್ಲ. ನಾಳೆ ನಾನು ಹಾಸಿಗೆ ಹಿಡಿದರೆ, ಈ ಕೂಸು ಹತ್ತು ಸಲ ಫೇಲಾದರೆ, ಪಕ್ಕದಲ್ಲಿ ಯಾರು ಇರುತ್ತಾರೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಗಾದಿಯ ಮೇಲೆ ಗಟ್ಟಿಯಾಗಿ ಕೂತವರೆಲ್ಲ ಹಾಗೆ ಇರುತ್ತಾರೆಂದು ಹೇಳಲಾಗುವುದಿಲ್ಲ.

ಅಷ್ಟರಲ್ಲಿ ಹೆಂಗಸರು ಒಡಪು ಹೇಳು, ಗಂಡನ ಹೆಸರು ಹೇಳದೆ ಆರತಿ ಎತ್ತುವುದಿಲ್ಲ ಎಂದು ಗಂಟುಬಿದ್ದರು. ಒಡಪು ಎಂದರೆ ಗಂಡನ ಹೆಸರು ಸೇರಿಸಿ ಕಟ್ಟುವ ಎರಡು ಸಾಲು. ಆ ಹೆಸರನ್ನು ಬಾಯಿ ಬಿಟ್ಟು ಹೇಳಲು ನಮಗಿರುವ ದಾರಿ ಅದೊಂದೇ. ಬಟ್ಟಲು, ಬೆಣ್ಣೆ, ಮಲ್ಲಿಗೆ ಎಂದು ಅಮ್ಮ ಕಲಿಸಿಕೊಟ್ಟದ್ದೊಂದು ನನ್ನ ಬಳಿ ತಯಾರಿತ್ತು. ಅದನ್ನು ಬಿಟ್ಟೆ. ಕಿಟಕಿಯ ಕಡೆ ಮುಖ ತಿರುಗಿಸಿ, ತರಗತಿಯ ಕೊನೆಯ ಬೆಂಚಿಗೆ ಕೇಳುವಂಥ ದನಿಯಲ್ಲಿ ಹೇಳಿದೆ:

“ಗೆದ್ದವರ ಬೆನ್ನ ಹತ್ತಾವರು ಜಗದ ತುಂಬ ಮಂದಿ,
ಸೋತವರ ಬಿಡದ ಗುರುಪಾದರ ಜೋಡಿ ಬಾಳತೇನಿ ಹೊಂದಿ.”

ಹೆಂಗಸರು ನಗಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿಯಾಚೆ ಅವರು ನಿಂತಿದ್ದರು. ಕೈಯಲ್ಲಿನ ಫೋನು ಕೆಳಗಿಳಿದಿತ್ತು, ಎರಡೂ ಕಾಲು ನೆಲದ ಮೇಲಿದ್ದವು. ಅವರು ಹಾಗೆ ಅಲುಗಾಡದೆ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಅಪ್ಪ ಬಹಳ ಹೊತ್ತು ಕೆಮ್ಮಿದರು. ಆಮೇಲೆ ಡ್ರೈವರನ್ನು ಕರೆದರು.

“ಆ ಪುಸ್ತಕದ ಚೀಲ ಇಳಸಪಾ. ಅದು ಇಲ್ಲೇ ಇರ್ಲಿ. ಐದನೇ ತಿಂಗಳಿಗೆ ಬರ್ತಾಳಲ್ಲ.”

ಡ್ರೈವರ್ ಏಳುವ ಮುಂಚೆಯೇ ಇವರು ಜೀಪಿನ ಹತ್ತಿರ ಹೋಗಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಬಂದರು. ನನ್ನ ಪಕ್ಕ ದಾಟುವಾಗ, ನಾಳೆ ಬೆಳಿಗ್ಗೆಯೇ ಕೆಲಸ ಹುಡುಕಬೇಕು ಎಂದು ಹಲ್ಲು ಕಚ್ಚಿ ಹೇಳಿದೆ. ಹುಡುಕುತ್ತೇನೆ ಎಂದರು, ಚೀಲವನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು.