ಕೋಡಿಲ್ಲದ ಹೋತ

“ನಿಮ್ಮ ಆಡಿಗೆ ಈ ಹೋತ ಬಿಡಂಗಿಲ್ರಿ ಅಕ್ಕೋರ. ಎರಡೂ ಬೋಳು ತಲೀವು. ಅತ್ತ ಹೆಣ್ಣೂ ಅಲ್ಲ, ಇತ್ತ ಗಂಡೂ ಅಲ್ಲ, ಅಂಥ ಮರಿ ಬೀಳ್ತಾವ.”

ವನದುರ್ಗದ ನಮ್ಮ ಓಣಿಯಲ್ಲಿ ಆಡು ಸಾಕುವ ನಾಗಮ್ಮ ಹೀಗೆಂದಾಗ ನನಗೆ ನಗು ಬಂತು. ಆಕೆಯ ಹೋತಕ್ಕೂ ಕೋಡಿರಲಿಲ್ಲ, ನನ್ನ ಆಡಿಗೂ ಇರಲಿಲ್ಲ, ಅಷ್ಟೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಅಲ್ಲೇ ಪಾಠ ಶುರುಮಾಡಿದೆ. ಎರಡು ಎಕ್ಸ್ ಕ್ರೋಮೋಸೋಮ್ ಇದ್ದರೆ ಹೆಣ್ಣು, ಒಂದು ಎಕ್ಸ್ ಒಂದು ವೈ ಇದ್ದರೆ ಗಂಡು, ಕೋಡಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದೆ. ನಾಗಮ್ಮ ಪೂರ್ತಿ ಕೇಳಿದಳು, ಆದರೆ ಹೋತದ ಹಗ್ಗ ಬಿಚ್ಚಲಿಲ್ಲ.

ಸಿಟ್ಟಿನಿಂದ ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. “ಆಕಿ ಹೇಳಿದ್ದು ಖರೇ ಅದರಿ ಮೇಡಂ. ಆಡಿನಾಗ ಬೋಳುತನ ತಾಯಿ-ತಂದಿ ಎರಡೂ ಕಡಿಯಿಂದ ಬಂದ್ರ, ಎರಡು ಎಕ್ಸ್ ಇದ್ದ ಮರೀನೂ ಪೂರಾ ಹೆಣ್ಣಾಗಂಗಿಲ್ಲ, ಹೋತದಂಗ ಆಗ್ತದ. ವೈ ಸೈತ ಒಂದು ಕಾಲಕ್ಕ ಎಕ್ಸಿನಷ್ಟೇ ಇತ್ತು, ಸವದು ಸಣ್ಣದಾಗ್ಯದ. ಪ್ರಕೃತಿ ಈ ಪಾಠ ಇನ್ನೂ ತಿದ್ದಾಕತ್ತದ್ರಿ” ಎಂದು ನಕ್ಕರು.

ಮರುದಿನ ನಾಗಮ್ಮನೇ ಎಲ್ಲಿಂದಲೋ ಕೋಡಿನ ಹೋತವೊಂದನ್ನು ಎಳೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಐದು ತಿಂಗಳಿಗೆ ಎರಡು ಚೆಂದದ ಹೆಣ್ಣುಮರಿ ಹುಟ್ಟಿದವು.

ಈಗ ಬೋರ್ಡಿನ ಮೇಲೆ ‘ಎರಡು ಎಕ್ಸ್ ಇದ್ದರೆ ಹೆಣ್ಣು’ ಎಂದು ಬರೆಯುವ ಮೊದಲು ‘ಸಾಮಾನ್ಯವಾಗಿ’ ಎಂದು ಬರೆಯುತ್ತೇನೆ. ಆ ಶಬ್ದ ನನಗೆ ಕಲಿಸಿದವಳು ನಾಗಮ್ಮ.