ವಾರಕ್ಕೊಂದು ಗೇಣು
ನಮ್ಮ ಪುಂಗೋಲ್ ವಸತಿ ಬ್ಲಾಕಿನಲ್ಲಿ ಜಯರಾಮ ಅಂಕಲ್ ಅಪ್ಪಣೆಯಿಲ್ಲದೆ ಯಾವ ಯಂತ್ರವೂ ಸಾಯುವಂತಿಲ್ಲ. ಹಡಗಿನ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಅವರು ಮನೆ ಮುಂದಿನ ಕಾರಿಡಾರಿನಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂತರೆ ಸತ್ತ ಫ್ಯಾನು, ಸತ್ತ ರೇಡಿಯೋ, ಪಕ್ಕದ ಮನೆ ವಿನುತಾ ಆಂಟಿಯ ಶ್ರುತಿಪೆಟ್ಟಿಗೆ ಎಲ್ಲವೂ ಎದ್ದು ಕೂರುತ್ತವೆ. "ಹೊಸದು ಯಾಕೆ ಮಾರಾಯ್ರೆ, ಒಂದು ಯುಎಸ್‌ಬಿ ವೈರ್ ಎಳೆದ್ರೆ ಆಯ್ತು!" ಎಂಬುದು ಅವರ ಮಂತ್ರ. ಯಾರಿಗೇ ಆಗಲಿ, ಎರಡು ಮೊಳ ವೈರ್ ಹೆಚ್ಚೇ ಬಿಡುತ್ತಾರೆ. ಅವರ ಕೀಗೊಂಚಲಿನಲ್ಲಿ ಮಾತ್ರ ಬೆರಳುದ್ದದ ಒಂದು ವೈರ್ ತುಂಡು ತೂಗುತ್ತಿರುತ್ತದೆ. ಏನದು ಎಂದು ಕೇಳಿದೆ. ಕೊನೆಯ ಯಾನದಲ್ಲಿ ಇ-ಸಿಗರೇಟಿನ ಬ್ಯಾಟರಿ ಕೆಟ್ಟಾಗ, ಅದನ್ನು ಗೋಡೆಯ ಪ್ಲಗ್ಗಿಗೆ ಜೋಡಿಸಲು ಅವರೇ ಮಾಡಿಕೊಂಡ ಅಡಾಪ್ಟರಿನದಂತೆ. "ಅಕ್ಕುಗೆ ಉಬ್ಬಸ," ಎಂದರು ಹೆಂಡತಿಯ ಹೆಸರೆತ್ತಿ. " ಮನೆ ಸೇರೋದ್ರೊಳಗೆ ಸೇದೋದು ಬಿಡ್ಬೇಕಿತ್ತು. ವಾರಕ್ಕೊಂದು ಗೇಣು ವೈರ್ ಕತ್ತರಿಸ್ತಾ ಬಂದೆ." ಕೊನೆಯ ವಾರ ಒಂದು ದಮ್ ಎಳೆಯಬೇಕಾದರೆ ಪ್ಲಗ್ಗಿನ ಮುಂದೆ ಮಂಡಿಯೂರಿ, ಹಣೆಯನ್ನು ಗೋಡೆಗೆ ಒತ್ತಬೇಕಾಗಿತ್ತು. ಪ್ರಾರ್ಥನೆ ಮಾಡುತ್ತಿದ್ದಾರೆಂದು ತಿಳಿದು ಹಡಗಿನವರು ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋಗುತ್ತಿದ್ದರಂತೆ. "ನೀವು ಅಲ್ಲ ಅನ್ಲಿಲ್ವಾ?" ಎಂದೆ. "ಅಲ್ಲ ಅಂತ ಹೇಗೆ ಹೇಳ್ಲಿ?" ಎಂದರು ಅಂಕಲ್, ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಅಕ್ಕು ಆಂಟಿಯ ಉಸಿರಿಗೆ ಕಿವಿಗೊಡುತ್ತ.